ಮಗನ ಕಾಯಕವನ್ನು ತಂದೆ ಮಾಡಬಹುದೇ?

ಇಷ್ಟಲಿಂಗವನ್ನು ಧರಿಸಿದವನು ತನ್ನ ಪೂಜೆಯನ್ನು ತಾನೇ ಮಾಡಿಕೊಳ್ಳಬೇಕು. ಅದನ್ನು ಮತ್ತೊಬ್ಬರ ಕೈಯಿಂದ ಮಾಡಿಸುವಂತಿಲ್ಲವೆಂಬುದು ಬಸವಣ್ಣನವರ ಬೋಧೆಯ ಒಂದು ಮುಖ್ಯಾಂಶ. ಇದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ ಪೂಜೆಗೆ ಸಲ್ಲುವ ಈ ನಿಯಮ ಕಾಯಕಕ್ಕೂ ಸಲ್ಲುವುದೇ? ಕಾಯಕವೂ ಪೂಜೆಯೇ ಎಂದು ಒಪ್ಪಿಕೊಂಡವರು ಸಲ್ಲುವುದೆಂದೇ ಹೇಳಬೇಕಾಗುವುದು. ಹಾಗಾದರೆ ಮಗನ ಪಾಲಿಗೆ ಬಂದ ಕಾಯಕವನ್ನು ತಂದೆಯು ಪ್ರೀತಿಯಿಂದ ತಾನೇ ಮಾಡಿ ಮುಗಿಸಿದರೆ ಅದು ಉಪಕಾರವೋ, ಅಪಚಾರವೋ? ಈ ಪ್ರಶ್ನೆ ಗ್ರಂಥವನ್ನು ಓದುವಾಗ ಹುಟ್ಟಿದ್ದಲ್ಲ; ಈ ಲೇಖಕನ ಮನೆಯ ಕೊಟ್ಟಿಗೆಯಲ್ಲಿ, ಒಂದು ಹಳೆಯ ಮೋಟಾರು ಸೈಕಲಿನ ಮುಂದೆ ಹುಟ್ಟಿದ್ದು. ತಪ್ಪು ನನ್ನದೇ ಆದುದರಿಂದ ಅದನ್ನು ಮರೆಮಾಚದೆ ಸದ್ಭಕ್ತರ ಮುಂದಿಡುತ್ತಿದ್ದೇನೆ.

ನಮ್ಮದು ಸಾಗರದಿಂದ ಕೆಳದಿಯ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಚಿಕ್ಕ ಹಳ್ಳಿ. ಅಡಕೆ ತೋಟ, ಸ್ವಲ್ಪ ಗದ್ದೆ, ಎರಡು ದನ. ಇಷ್ಟು ನಮ್ಮ ಸಂಸಾರ. ನಮ್ಮ ತಂದೆಯವರು 1969ರಲ್ಲಿ ಅಡಕೆ ಮಾರಿದ ಹಣದಿಂದ ಒಂದು ಜಾವಾ ಮೋಟಾರು ಸೈಕಲನ್ನು ಕೊಂಡಿದ್ದರು. ಕಡುಗೆಂಪು ಬಣ್ಣ, ಟಾಂಕಿಯ ಮೇಲೆ ಹೊಂಬಣ್ಣದ ಗೆರೆ, ಎರಡು ಬದಿಗೂ ಉದ್ದನೆಯ ಹೊಗೆಕೊಳವೆ. ಅದರ ಮೇಲೆಯೇ ಅವರು ಮಂಡಿಗೆ ಹೋಗುತ್ತಿದ್ದರು. ಅದರ ಟಾಂಕಿಯ ಮೇಲೆ ಕುಳಿತೇ ನಾನು ಮೊದಲ ದಿನ ಶಾಲೆಗೆ ಹೋದದ್ದು. ಅವರು ಲಿಂಗೈಕ್ಯರಾಗುವ ವರ್ಷ, ನಡೆದಾಡಲಾರದೆ ಜಗಲಿಯಲ್ಲಿ ಕುಳಿತವರು, ‘ಆ ಗಾಡಿಯನ್ನು ಒಂದು ಸಲ ಚಾಲೂ ಮಾಡಿಸೋ, ಸದ್ದು ಕೇಳಬೇಕು’ ಎಂದಿದ್ದರು. ಕೊಯ್ಲು ಮುಗಿಯಲಿ ಎಂದೆ. ಕೊಯ್ಲು ಮುಗಿಯುವ ಮೊದಲೇ ಅವರು ಹೊರಟುಹೋದರು. ಗಾಡಿಯು ಕೊಟ್ಟಿಗೆಯ ಮೂಲೆಯಲ್ಲಿ, ಹಳೆಯ ಗೋಣಿಚೀಲಗಳ ಕೆಳಗೆ, ಹಲವು ಮಳೆಗಾಲಗಳ ತೇವವನ್ನು ಕುಡಿಯುತ್ತ ನಿಂತಿತು.

ಈ ಗಾಡಿಯ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಬೇಕು. ಏಕೆಂದರೆ ಅದು ನಮ್ಮ ನಾಡಿನ ಶ್ರಮದ ಕಥೆಯೂ ಹೌದು. ಚೆಕೊಸ್ಲೊವಾಕಿಯಾ ದೇಶದಲ್ಲಿ 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರು ಸೈಕಲ್ ಮಾದರಿಯನ್ನು ಪಡೆದು ತಯಾರಿಕೆಗೆ ತೊಡಗಿದನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಎಂಬ ಹೆಸರಾಯಿತು. ನಮ್ಮ ಮೈಸೂರಿನಲ್ಲಿ 1960ರಲ್ಲಿ ಐಡಿಯಲ್ ಜಾವಾ ಕಾರಖಾನೆ ಸ್ಥಾಪನೆಯಾಗಿ, 1961ರಿಂದ ಗಾಡಿಗಳು ಹೊರಬರತೊಡಗಿದವು. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಿಕೆ ಮುಂದುವರಿದು, 1996ರಲ್ಲಿ ಕಾರಖಾನೆ ಮುಚ್ಚಿತು. ಕಾರಖಾನೆ ಮುಚ್ಚಿದರೂ ಅಲ್ಲಿ ದುಡಿದವರ ಕೈಗೆಲಸ ಮುಚ್ಚಿಹೋಗಲಿಲ್ಲ. ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು ಮೊದಲಾದ ಊರುಗಳಲ್ಲಿ ಈ ಗಾಡಿಗಳನ್ನುಳ್ಳವರು ಒಟ್ಟು ಸೇರಿ ಅದರ ಹಬ್ಬವನ್ನು ಆಚರಿಸುವರು. 2018ರಲ್ಲಿ ಬೇರೊಂದು ಸಂಸ್ಥೆಯು ಅದೇ ಹೆಸರಿನಲ್ಲಿ ಹೊಸ ಗಾಡಿಗಳನ್ನು ತಂದಿತು. ಕೈಗಳು ನಿಷ್ಠೆಯಿಂದ ಮಾಡಿದ ವಸ್ತು ಮಾಡಿದವರ ಕಾಲವನ್ನು ಮೀರಿ ಬಾಳುವುದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ಮಗ ಆಗ ಒಂಬತ್ತನೆಯ ತರಗತಿಯಲ್ಲಿದ್ದ. ಶಾಲೆಯಲ್ಲಿ ವಿಜ್ಞಾನದ ಯೋಜನಾಕಾರ್ಯವೊಂದನ್ನು ಮಾಡಿ ಜನವರಿಯ ಪ್ರದರ್ಶನದಲ್ಲಿ ಇಡಬೇಕೆಂದು ವಿಧಿಸಿದ್ದರು. ಮನೆಯ ಹಿರಿಯರ ಸಹಾಯ ಪಡೆಯಬಹುದು, ಆದರೆ ಕೆಲಸವನ್ನು ವಿದ್ಯಾರ್ಥಿಯೇ ಮಾಡಿ, ಮಾಡಿದುದನ್ನು ವರದಿಯ ಪುಸ್ತಕದಲ್ಲಿ ಬರೆಯಬೇಕು ಎಂಬುದು ನಿಯಮ. ಇದು ಹೊಸ ವಿಚಾರವೇನೂ ಅಲ್ಲ. ಅಮೆರಿಕದ ಕಿಲ್‌ಪ್ಯಾಟ್ರಿಕ್ ಎಂಬ ವಿದ್ವಾಂಸನು 1918ರಲ್ಲಿಯೇ ಯೋಜನಾಪದ್ಧತಿಯ ಮೇಲೆ ಪ್ರಬಂಧ ಬರೆದಿದ್ದನು. 1937ರಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಲನದಲ್ಲಿ ಗಾಂಧೀಜಿಯವರು ಕೈಗಸುಬಿನ ಮೂಲಕವೇ ವಿದ್ಯೆ ಬರಬೇಕೆಂದು ಪ್ರತಿಪಾದಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರೇ ಮೊದಲಾದವರ ಬಳಿ ಕಲಿಯಬೇಕೆಂದು ಹೇಳಿದೆ. ಇವೆಲ್ಲಕ್ಕೂ ಹಲವು ಶತಮಾನ ಮೊದಲೇ ನೇಕಾರ ದಾಸಿಮಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರು ಮಗ್ಗ, ಬಿದಿರು, ಹುಟ್ಟುಗಳನ್ನು ಬಿಡದೆಯೇ ಅನುಭಾವದ ಮಾತನಾಡಿದ್ದರು. ಕೈ ಅರಿಯದುದನ್ನು ಬಾಯಿ ಅರಿಯಲಾರದು ಎಂಬುದು ಅವರ ಬಾಳಿನಿಂದಲೇ ತಿಳಿಯುವ ಪಾಠ.

ಮಗನು ಅಜ್ಜನ ಗಾಡಿಯನ್ನು ದುರಸ್ತಿ ಮಾಡುವೆನೆಂದ. ನಾನು ಕೂಡಲೇ ಒಪ್ಪಿದೆ. ಏಕೆ ಅಷ್ಟು ಬೇಗ ಒಪ್ಪಿದೆನೆಂಬುದನ್ನು ಆಗ ವಿಚಾರಿಸಲಿಲ್ಲ, ಮುಂದೆ ವಿಚಾರಿಸಬೇಕಾಯಿತು.

ಜೂನ್ ತಿಂಗಳ ಮಳೆಯ ಜೊತೆಗೆ ಕೆಲಸ ಆರಂಭವಾಯಿತು. ಎಂಜಿನ್ನು ಹಿಡಿದುಕೊಂಡು ಕಿಕ್ಕರ್ ಅಲುಗುತ್ತಿರಲಿಲ್ಲ. ಬಲಾತ್ಕಾರ ಮಾಡದೆ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಡೀಸೆಲ್ ಹೊಯ್ದು ಕಾದೆವು. ಮಗನು ಪ್ರತಿದಿನ ಶಾಲೆಯಿಂದ ಬಂದು ಕಿಕ್ಕರನ್ನು ಕೈಯಿಂದ ಒತ್ತಿ ನೋಡುವನು. ಹದಿನೆಂಟನೆಯ ದಿನ ಅದು ಒಂದು ಅಂಗುಲ ಇಳಿಯಿತು. ಆ ಸಂಜೆ ಅವನ ಮುಖ ನೋಡುವಂತಿತ್ತು! ಟಾಂಕಿಯ ಒಳಗಿನ ತುಕ್ಕಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ನಮ್ಮ ತಾಯಿಯವರು, ತಾಮ್ರದ ಹಂಡೆಗೆ ಹಚ್ಚುವ ಹುಣಸೆಹುಳಿಯನ್ನೇ ಹಾಕಿ ನೋಡೆಂದರು. ಹುಳಿಯ ನೀರು, ಹಿಡಿಯಷ್ಟು ಸಣ್ಣ ಕಲ್ಲು, ಹಲವು ದಿನದ ಅಲುಗಾಟ. ತುಕ್ಕು ಕೆಂಪಾಗಿ ಹೊರಬಂದಿತು. ಕಬ್ಬಿಣವು ಗಾಳಿಯ ಆಮ್ಲಜನಕವನ್ನೂ ನೀರನ್ನೂ ಕೂಡಿ ತುಕ್ಕಾಗುವುದು, ಆಮ್ಲವು ಅದನ್ನು ಕರಗಿಸುವುದು ಎಂಬ ಪಾಠವನ್ನು ಅವನು ಅಜ್ಜಿಗೇ ವಿವರಿಸಿದನು. ಸಿಲಿಂಡರಿನ ಅಡ್ಡಳತೆ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಇವೆರಡರಿಂದ ಗಾತ್ರವನ್ನು ಗುಣಿಸಿ ಸುಮಾರು 249 ಘನ ಸೆಂಟಿಮೀಟರ್ ಎಂದು ಕಂಡುಕೊಂಡು, 250ರ ಗಾಡಿ ಎಂದು ಇದಕ್ಕೇ ಕರೆಯುತ್ತಾರೆಯೇ ಎಂದು ಹಿಗ್ಗಿದನು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ನಾನು ದೀಪ ಹಿಡಿಯುತ್ತಿದ್ದೆ. ಅವನು ಕೆಲಸ ಮಾಡುತ್ತಿದ್ದನು.

ಸವೆದ ಸಿಲಿಂಡರನ್ನು ಶಿವಮೊಗ್ಗದ ಲೇತಿನವರಲ್ಲಿ ಬೋರ್ ಮಾಡಿಸಿ ತಂದು, ಹೊಸ ಪಿಸ್ಟನ್ ಕೂಡಿಸುವ ದಿನ ಬಂದಿತು. ಈ ಬಗೆಯ ಎಂಜಿನ್ನಿನಲ್ಲಿ ಪಿಸ್ಟನ್ನಿನ ಗಾಡಿಗಳಲ್ಲಿ ಚಿಕ್ಕ ಚಿಕ್ಕ ಮೊಳೆಗಳಿರುತ್ತವೆ. ಉಂಗುರಗಳ ತುದಿಗಳು ಆ ಮೊಳೆಗಳ ಎರಡು ಬದಿಗೆ ಸರಿಯಾಗಿ ಕುಳಿತ ಮೇಲೆಯೇ ಸಿಲಿಂಡರನ್ನು ಇಳಿಸಬೇಕು. ಮಗನು ಅವಸರದಲ್ಲಿ ಅದನ್ನು ಗಮನಿಸಲಿಲ್ಲ. ಸಿಲಿಂಡರು ತಡೆಯಿತು, ಅವನು ಒತ್ತಿದನು, ಟಕ್ಕೆಂದು ಸದ್ದಾಗಿ ಒಂದು ಉಂಗುರ ಎರಡು ತುಂಡಾಯಿತು. ನಾನು ಗದರಿದೆ. ಅಷ್ಟಕ್ಕೆ ನಿಲ್ಲಲಿಲ್ಲ, ಅವನ ಕೈಯಿಂದ ಸ್ಪ್ಯಾನರನ್ನು ಕಿತ್ತುಕೊಂಡೆ. ‘ನೀನು ಓದಿಕೋ ಹೋಗು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎಂದೆ. ಅವನು ಮರುಮಾತಾಡದೆ ಕೈಯ ಮಸಿಯನ್ನು ಒರಸಿಕೊಂಡು ಒಳಗೆ ಹೋದನು.

ಮುಂದಿನ ಆರು ವಾರ ಕೊಟ್ಟಿಗೆಯಲ್ಲಿ ನಾನೊಬ್ಬನೇ ಇದ್ದೆ. ಹಗಲು ಅಡಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ರಾತ್ರಿ ಗಾಡಿ. ಹೊಸ ಉಂಗುರ ತರಿಸಿ ಕೂಡಿಸಿದೆ. ಎಣ್ಣೆ ಒಣಗಿ ಅಂಟಿಕೊಂಡಿದ್ದ ಕ್ಲಚ್ಚಿನ ಬೆಂಡಿನ ಬಿಲ್ಲೆಗಳನ್ನು ಬಿಡಿಸಿದೆ. ಕಿಡಿ ಹಾರಿಸುವ ಪಾಯಿಂಟುಗಳ ನಡುವೆ ಮಿಲಿಮೀಟರಿನ 10ರಲ್ಲಿ 4 ಭಾಗದಷ್ಟು ಅಂತರವಿಟ್ಟು, ಕಿಡಿಯ ಕ್ಷಣವನ್ನು ಹೊಂದಿಸಿದೆ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರಿನಂತೆ ಎಣ್ಣೆ ಬೆರೆಸಿ ಟಾಂಕಿಗೆ ಹೊಯ್ದು, ಒಂದು ನಡುರಾತ್ರಿ ಮೂರನೆಯ ಒದೆತಕ್ಕೆ ಎಂಜಿನ್ನು ಹೊತ್ತಿತು. ಆ ಸದ್ದಿಗೆ ತಾಯಿಯವರು ಎದ್ದುಬಂದು ಬಾಗಿಲಲ್ಲಿ ನಿಂತು ಕಣ್ಣೊರಸಿಕೊಂಡರು. ನಾನೂ ಅತ್ತೆ. ಮಗನು ಮಲಗಿಯೇ ಇದ್ದನು. ಅವನನ್ನು ಎಬ್ಬಿಸಬೇಕೆಂದು ನಮ್ಮಿಬ್ಬರಿಗೂ ತೋಚಲಿಲ್ಲ. ಮರುದಿನ ಅವನಿಗೆ ವರದಿಯನ್ನು ಬರೆಯಿಸಿದೆ: ‘ನಾನು ಪಾಯಿಂಟುಗಳನ್ನು ಹೊಂದಿಸಿದೆನು, ನಾನು ಕ್ಲಚ್ಚನ್ನು ಸರಿಪಡಿಸಿದೆನು’ ಎಂದು. ಅವನು ಒಂದು ಸಲ ನನ್ನ ಮುಖ ನೋಡಿ, ಹೇಳಿದಂತೆ ಬರೆದನು.

ಪ್ರದರ್ಶನದ ದಿನ ಗೂಡ್ಸ್ ಗಾಡಿಯಲ್ಲಿ ಅದನ್ನು ಶಾಲೆಗೆ ಒಯ್ದೆವು. ಮಕ್ಕಳೂ ಪೋಷಕರೂ ಮುತ್ತಿದರು. ನಾನು ಹತ್ತಿರವೇ ನಿಂತು, ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದೆ. ಪರೀಕ್ಷಿಸಲು ಬಂದ ಅಧ್ಯಾಪಕರು ನನ್ನನ್ನು ಸ್ವಲ್ಪ ದೂರ ನಿಲ್ಲಲು ವಿನಯದಿಂದ ಕೇಳಿಕೊಂಡು, ಹುಡುಗನೊಡನೆ ಮಾತಾಡಿದರು. ಪಿಸ್ಟನ್ನಿನ ಗಾಡಿಯಲ್ಲಿ ಈ ಮೊಳೆ ಏತಕ್ಕೆ ಎಂದು ಕೇಳಿದಾಗ ಮಗನು ಅರಳು ಹುರಿದಂತೆ ಹೇಳಿದನು: ಎರಡು ಹೊಡೆತದ ಎಂಜಿನ್ನಿನ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಉಂಗುರ ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿದರೆ ಮುರಿಯುತ್ತದೆ, ಆದುದರಿಂದ ಮೊಳೆಯು ಅದನ್ನು ತಿರುಗದಂತೆ ಹಿಡಿಯುತ್ತದೆ, ‘ನಾನು ಒಂದನ್ನು ಮುರಿದೆ ಸರ್’ ಎಂದನು. ಅಧ್ಯಾಪಕರು ನಕ್ಕರು. ಅನಂತರ, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು, ಅದನ್ನು ಹೇಗೆ ಹೊಂದಿಸಿದೆ ಎಂದು ಕೇಳಿದರು. ಹುಡುಗನು ಸುಮ್ಮನಾದನು. ವರದಿಯ ಪುಸ್ತಕ ಅವನ ಕೈಯಲ್ಲೇ ಇತ್ತು. ಅದರಲ್ಲಿ ಉತ್ತರವೂ ಇತ್ತು. ಅವನು ಅದನ್ನು ತೆರೆಯಲಿಲ್ಲ. ‘ಅದು ನನಗೆ ಗೊತ್ತಿಲ್ಲ ಸರ್. ಅದನ್ನು ಅಪ್ಪ ಮಾಡಿದ್ದು’ ಎಂದನು. ಅವರಲ್ಲಿ ಪೆನ್ನು ಕೇಳಿ ಪಡೆದು, ‘ನಾನು’ ಎಂದಿದ್ದ ನಾಲ್ಕು ಕಡೆ ಅದನ್ನು ಹೊಡೆದು ‘ನಮ್ಮ ತಂದೆಯವರು’ ಎಂದು ತಿದ್ದಿದನು.

ವಾಚಕರೇ, ನನ್ನ ಮಗನು ತಾನು ಮುರಿದುದನ್ನು ಬಲ್ಲನು. ನಾನು ಸರಿಪಡಿಸಿದುದನ್ನು ಅರಿಯನು. ಈ ಒಂದು ಮಾತಿನಲ್ಲಿ ನನ್ನ ತಪ್ಪೆಲ್ಲ ಅಡಗಿದೆ. ಅವನ ತಪ್ಪಾದರೂ ಅವನಿಗೆ ಜ್ಞಾನವಾಗಿ ಉಳಿದಿತ್ತು. ನನ್ನ ನೈಪುಣ್ಯ ಅವನಿಗೆ ಸುಳ್ಳಾಗಿ ಮಾತ್ರ ಮುಟ್ಟಿತ್ತು. ಆರು ವಾರ ನಿದ್ದೆಗೆಟ್ಟು ನಾನು ಅವನಿಗೆ ಕೊಟ್ಟದ್ದೇನು? ಎಲ್ಲರ ಮುಂದೆ ಹೊಡೆದು ತಿದ್ದಬೇಕಾದ ನಾಲ್ಕು ಸಾಲು.

ನುಲಿಯ ಚಂದಯ್ಯನವರ ಕಥೆಯನ್ನು ಬಲ್ಲವರಿಗೆ ಇಲ್ಲಿ ಅದರ ನೆನಪಾಗದಿರದು. ಹಗ್ಗ ಹೊಸೆಯುವುದಕ್ಕೆ ಹುಲ್ಲನ್ನು ಕೊಯ್ಯುತ್ತಿದ್ದಾಗ ಅವರ ಕೊರಳಿನ ಲಿಂಗ ಜಾರಿ ಬಿದ್ದಿತು. ಆದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗಕ್ಕೂ ಕಾಯಕ ತಪ್ಪದೆಂದು ಸಾರಿದರು ಎಂದು ಶರಣರ ಕಥೆ ಹೇಳುತ್ತದೆ. ಇದನ್ನು ಕೇಳಿದವರು ಚಂದಯ್ಯನವರ ಛಲವನ್ನು ಕೊಂಡಾಡುವುದುಂಟು. ಛಲಕ್ಕಿಂತ ಮಿಗಿಲಾದ ಅರ್ಥವೊಂದು ಅದರಲ್ಲಿದೆ. ಕಾಯಕವು ಮಾಡುವವನಿಂದ ಬೇರೆಯಾಗಿ ನಿಲ್ಲುವ ವಸ್ತುವಲ್ಲ. ಮಾಡುವವನು ಬದಲಾದರೆ ಕಾಯಕವೇ ಬದಲಾಗುವುದು. ಸ್ವತಃ ದೇವರಿಗಾದರೂ ಅವನವನ ಪಾಲಿನ ದುಡಿಮೆಯನ್ನು ಮತ್ತೊಬ್ಬರು ತೀರಿಸಲಾಗದೆಂದ ಮೇಲೆ, ಮಗನ ಪಾಲನ್ನು ತಂದೆ ತೀರಿಸುವುದೆಲ್ಲಿ ಬಂದಿತು? ಗಾಡಿ ಸರಿಯಾಗುವುದು ಆ ಕಾಯಕದ ಹೊರಗಿನ ಫಲ. ಹುಡುಗನ ಕೈ, ಕಣ್ಣು, ತಾಳ್ಮೆಗಳು ಪಳಗುವುದು ಒಳಗಿನ ಫಲ. ನಾನು ಹೊರಗಿನದನ್ನು ಪೂರೈಸಿ ಒಳಗಿನದನ್ನು ಕದ್ದೆನು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಮಗನಿಗೆ ತಂದೆ ಸಹಾಯ ಮಾಡಬಾರದೇ? ಮಾಡದೆ ಬಿಟ್ಟರೆ ಅದು ನಿರ್ದಯವಲ್ಲವೇ? ಈ ಆಕ್ಷೇಪಣೆ ವಿಚಾರಾರ್ಹವಾದುದು. ಸಹಾಯದಲ್ಲಿ ಮೂರು ಬಗೆಯುಂಟು. ಸಾಧನಗಳನ್ನು ಒದಗಿಸುವುದು ಒಂದು, ಮಾಡುವ ಬಗೆಯನ್ನು ತೋರಿಸುವುದು ಎರಡು, ಅವನ ಬದಲು ತಾನೇ ಮಾಡುವುದು ಮೂರು. ಮೊದಲಿನೆರಡು ದಾಸೋಹ, ಮೂರನೆಯದು ಅಪಹರಣ. ನಮ್ಮ ಸಾಗರದ ಗುಡಿಗಾರರನ್ನು ನೋಡಿ. ಗಂಧದ ಕೆತ್ತನೆಗೂ ಬೆಂಡಿನ ಕೆಲಸಕ್ಕೂ ಹೆಸರಾದ ಮನೆತನಗಳವು. ಬೆಲೆಬಾಳುವ ಗಂಧದ ತುಂಡನ್ನು ಎಳೆಯನ ಕೈಗೆ ಮೊದಲ ದಿನವೇ ಕೊಡುವ ಕುಶಲಿಯಿಲ್ಲ. ಹಾಗೆಂದು ಅವನ ಉಳಿಯನ್ನು ಕಿತ್ತುಕೊಂಡು ತಾನೇ ಕೆತ್ತಿ, ಇದು ನೀನು ಕೆತ್ತಿದ್ದು ಎನ್ನುವ ಕುಶಲಿಯೂ ಇಲ್ಲ. ಕೆಡಿಸಿದರೂ ನಷ್ಟವಿಲ್ಲದ ಮರವನ್ನು ಕೊಟ್ಟು ಕೆಡಿಸಲು ಬಿಡುವುದೇ ಅಲ್ಲಿಯ ಗುರುಮಾರ್ಗ. ಒಂದು ಪಿಸ್ಟನ್ ಉಂಗುರದ ಬೆಲೆ ಎಷ್ಟು? ನನ್ನ ಮಗನ ವಿದ್ಯೆಗೆ ಅದು ಅತಿ ಅಗ್ಗದ ಶುಲ್ಕವಾಗಿತ್ತು. ಅದನ್ನು ತೆತ್ತ ಮೇಲೂ ಪಾಠವನ್ನು ನಿಲ್ಲಿಸಿಬಿಟ್ಟೆನಲ್ಲ!

ಇನ್ನೊಂದು ಮಾತನ್ನೂ ಒಪ್ಪಬೇಕು. ಪ್ರಾಣಕ್ಕೆ ಅಪಾಯವಿರುವಲ್ಲಿ ಹಿರಿಯರ ಕೈಯೇ ಮುಂದಿರಬೇಕು. ಬ್ರೇಕನ್ನು ಹುಡುಗನು ಕೂಡಿಸಲಿ, ಆದರೆ ತಂದೆ ಬಿಚ್ಚಿ ನೋಡಿ ಖಚಿತಪಡಿಸಿಕೊಳ್ಳಲಿ. ಹದಿನೆಂಟು ತುಂಬದವನು ಇಂಥ ಗಾಡಿಯನ್ನು ರಸ್ತೆಯಲ್ಲಿ ನಡೆಸುವಂತಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಮೂರು ವರ್ಷದವರೆಗೆ ಸೆರೆಯೂ 25,000 ರೂಪಾಯಿ ದಂಡವೂ ಉಂಟು. ಮಗನ ಅಪರಾಧಕ್ಕೆ ತಂದೆ ಹೊಣೆಯೆನ್ನುವುದು ನ್ಯಾಯವೇ. ಆದರೆ ಹೊಣೆ ಹೊರುವುದು ಬೇರೆ, ಕೀರ್ತಿಯನ್ನು ಎರವಲು ಕೊಡುವುದು ಬೇರೆ. ಮಗನು ಬೀಳದಂತೆ ಹಿಡಿಯುವುದು ತಂದೆಯ ಧರ್ಮ. ಮಗನ ಬದಲು ನಡೆಯುವುದು ಯಾರ ಧರ್ಮವೂ ಅಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ನನ್ನನ್ನೇ ನಾನು ಕೇಳಿಕೊಂಡೆ: ನಾನು ಸ್ಪ್ಯಾನರ್ ಕಿತ್ತುಕೊಂಡದ್ದು ನಿಜವಾಗಿ ಯಾರಿಗಾಗಿ? ಜನವರಿ ಹತ್ತಿರವಾಯಿತು, ಮಗನಿಗೆ ಅಂಕ ತಪ್ಪೀತು ಎಂಬುದು ಬಾಯಿಯ ಕಾರಣ. ಒಳಗಿನ ಕಾರಣವೇ ಬೇರೆ. ಜಗಲಿಯಲ್ಲಿ ಕುಳಿತ ನಮ್ಮ ತಂದೆಯವರಿಗೆ ನಾನು ಕೇಳಿಸದೆ ಉಳಿಸಿದ ಆ ಸದ್ದು ಇಷ್ಟು ವರ್ಷ ನನ್ನನ್ನು ಚುಚ್ಚುತ್ತಿತ್ತು. ಆ ಸಾಲವನ್ನು ತೀರಿಸಲು ಮಗನ ಶಾಲೆಯ ಕೆಲಸವನ್ನು ನೆವ ಮಾಡಿಕೊಂಡೆ. ನಡುರಾತ್ರಿ ಎಂಜಿನ್ನು ಹೊತ್ತಿದಾಗ ಮಗನನ್ನು ಎಬ್ಬಿಸಲು ತೋಚದಿದ್ದುದಕ್ಕೆ ಬೇರೆ ಕಾರಣವಿಲ್ಲ. ಅದು ಅವನ ಯೋಜನೆಯಾಗಿ ಉಳಿದೇ ಇರಲಿಲ್ಲ. ನನ್ನ ಕರ್ತವ್ಯಲೋಪವನ್ನು ಮಗನ ಹೆಗಲಿಗೆ ಹೊರಿಸಿ, ಅದಕ್ಕೆ ವಾತ್ಸಲ್ಯವೆಂದು ಹೆಸರಿಟ್ಟೆ. ಮಕ್ಕಳ ಹೆಸರಿನಲ್ಲಿ ನಾವು ಮಾಡುವ ಎಷ್ಟೋ ಕೆಲಸಗಳ ಒಳಗೆ ಇಂಥ ಹಳೆಯ ಸಾಲಗಳೇ ಅಡಗಿರುತ್ತವೆ. ತಾನು ಓದಲಾಗದ ವಿದ್ಯೆಯನ್ನು ಮಗನ ಮೇಲೆ ಹೇರುವ ತಂದೆ, ತಾನು ಹಾಡಲಾಗದ ಹಾಡನ್ನು ಮಗಳಿಂದ ಹಾಡಿಸುವ ತಾಯಿ, ಇವರೆಲ್ಲ ಒಮ್ಮೆ ನಿಂತು ಈ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕುದು.

ಅಂಕದ ವಿಷಯವೂ ಸಣ್ಣದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅವಶ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಲೆಗೆ ಸೋಕಿಸದೆ, ಮರಳಿ ಚೆಲ್ಲಿ ಬನ್ನಿರೆಂದು ಕಳುಹಿಸಿದರು. ಅದು ಕದ್ದ ಅಕ್ಕಿಯಾಗಿರಲಿಲ್ಲ, ಬೇಡಿದ ಅಕ್ಕಿಯಾಗಿರಲಿಲ್ಲ, ನೆಲದಿಂದ ಆಯ್ದದ್ದೇ. ಆದರೂ ಮಿಕ್ಕದ್ದು ಬೇಡವೆಂದರು. ತನ್ನ ದುಡಿಮೆಗೂ ಅಗತ್ಯಕ್ಕೂ ಮೀರಿದುದು ಮನೆಗೆ ಬಂದರೆ ಮನಸ್ಸು ಕೆಡುವುದೆಂಬುದೇ ಆ ತಾಯಿಯ ವಿವೇಕ. ಮಗನು ದುಡಿಯದ ಅಂಕವನ್ನು ಮನೆಗೆ ತರಲು ಹೊರಟವನು ನಾನು. ಅದನ್ನು ಅಲ್ಲಿಯೇ ಚೆಲ್ಲಿ ಬಂದವನು ಅವನು. ಲಕ್ಕಮ್ಮನವರ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೆ. ಅವನು ಹೇಳಲಿಲ್ಲ, ಮಾಡಿದನು.

ಹಳೆಯ ವಸ್ತುವನ್ನು ಮೂಲಸ್ಥಿತಿಗೆ ತರುವ ಕೆಲಸದಲ್ಲಿಯೇ ಈ ಸತ್ಯದ ಪಾಠ ಅಡಗಿದೆಯೆಂದು ಆಮೇಲೆ ಹೊಳೆಯಿತು. ಪಿಸ್ಟನ್ ಹೊಸದು, ಉಂಗುರ ಹೊಸದು, ಟೈರು ಹೊಸದು. ಹಾಗಾದರೆ ಇದು ಅಜ್ಜನ ಗಾಡಿಯೇ? ಸರಕಾರವೂ ಈ ಪ್ರಶ್ನೆಯನ್ನು ಕೇಳುತ್ತದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚೌಕಟ್ಟು, ಎಂಜಿನ್ನು ಮೊದಲಾದುವುಗಳಲ್ಲಿ ಗಣನೀಯ ಮಾರ್ಪಾಡಾಗದೆ ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮನ್ನಣೆ. ಹೊಸತನ್ನು ಹಳತೆಂದು ತೋರಿಸುವವನು ನೋಡುವವರನ್ನು ವಂಚಿಸುವಂತೆ, ತಂದೆಯ ಕೆಲಸವನ್ನು ಮಗನದೆಂದು ತೋರಿಸುವವನೂ ವಂಚಿಸುವನು. ಹೊಸ ಭಾಗ ಹಾಕುವುದು ತಪ್ಪಲ್ಲ. ಹಾಕಿದುದನ್ನು ಮುಚ್ಚಿಡುವುದು ತಪ್ಪು. ಸಹಾಯ ಪಡೆಯುವುದು ತಪ್ಪಲ್ಲ. ಪಡೆದುದನ್ನು ಅಳಿಸುವುದು ತಪ್ಪು. ಆದುದರಿಂದ ತಂದೆ-ಮಕ್ಕಳು ಕೂಡಿ ವರದಿಯನ್ನು ಹೊಸದಾಗಿ ಬರೆದೆವು. ಯಾವುದು 1969ರದು, ಯಾವುದು ಈಗಿನದು. ಬೋರ್ ಮಾಡಿದ್ದು ಲೇತಿನವರು, ಹುಣಸೆಹುಳಿಯ ಉಪಾಯ ಅಜ್ಜಿಯದು, ಉಂಗುರ ಮುರಿದದ್ದು ಮಗ, ಕೂಡಿಸಿದ್ದು ತಂದೆ. ಹೀಗೆ ಒಂದೊಂದನ್ನೂ ಅವರವರ ಹೆಸರಿಗೆ ಸಲ್ಲಿಸಿದೆವು. ಅಧ್ಯಾಪಕರು ಆ ವರದಿಯನ್ನು ಸ್ವೀಕರಿಸಿ, ಹುಡುಗನು ಮಾಡಿದಷ್ಟಕ್ಕೆ ಅಂಕ ಕೊಟ್ಟರು. ಅದು ಮೊದಲ ಸ್ಥಾನವಾಗಿರಲಿಲ್ಲ.

ಪರೀಕ್ಷೆಗಳು ಮುಗಿದ ಮೇಲೆ, ಬೇಸಗೆಯ ರಜೆಯಲ್ಲಿ, ನಾನು ಹೊಂದಿಸಿದ್ದ ಪಾಯಿಂಟುಗಳನ್ನು ನಾನೇ ಸಡಿಲಿಸಿ ಮಗನ ಮುಂದಿಟ್ಟೆ. ಮೂರು ಭಾನುವಾರ ಹಿಡಿಯಿತು. ಎರಡು ಸಲ ಕಿಡಿಯೇ ಬರಲಿಲ್ಲ. ಒಂದು ಸಲ ಕಿಡಿ ಬಹಳ ಮುಂಚೆ ಹಾರಿ ಕಿಕ್ಕರ್ ಹಿಂದಕ್ಕೆ ಒದೆದು ಅವನ ಕಾಲು ಊದಿತು. ಎಡಗಡೆ ಸ್ವಲ್ಪ ಸರಿಸಿದರೆ ಸಾಕಾಗಿತ್ತೆಂಬುದು ನನಗೆ ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡು ದೀಪ ಹಿಡಿದು ಕುಳಿತೆ. ರಾತ್ರಿಯೆಲ್ಲ ಎಚ್ಚರವಿದ್ದು ಗಾಡಿ ಸರಿಪಡಿಸಿದಾಗಲೂ ನನಗೆ ಅಷ್ಟು ಶ್ರಮವಾಗಿರಲಿಲ್ಲ. ಕೊನೆಗೆ ಅವನೇ ಅದನ್ನು ಕಂಡುಕೊಂಡನು. ನಾನು ಸರಿಮಾಡಿದಾಗ ಮೂರನೆಯ ಒದೆತಕ್ಕೆ ಹೊತ್ತುತ್ತಿದ್ದ ಎಂಜಿನ್ನು ಈಗ ಆರು ಏಳು ಒದೆತ ಬೇಡುತ್ತದೆ. ನಾನು ಅದನ್ನು ಮುಟ್ಟಿಲ್ಲ. ಸಂಜೆಯ ಹೊತ್ತು ಅಡಕೆ ಹರಡುವ ಅಂಗಳದಲ್ಲಿ ಅವನು ಅದನ್ನು ಚಾಲೂ ಮಾಡಿ ನಿಲ್ಲಿಸುವನು. ನಮ್ಮ ತಾಯಿಯವರು ಜಗಲಿಯಲ್ಲಿ, ಅಜ್ಜ ಕುಳಿತಿದ್ದ ಕಡೆಯೇ ಕುಳಿತು ಕೇಳುವರು.

ಗೃಹಸ್ಥರಾದ ಸದ್ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳಿಗೆ ಆಸ್ತಿಯನ್ನು ಬರೆದುಕೊಡಬಹುದು, ಮನೆಯನ್ನು ಕಟ್ಟಿಕೊಡಬಹುದು. ಕಾಯಕವನ್ನು ಮಾಡಿಕೊಡಲು ಬಾರದು. ಅವರ ಕೆಲಸ ನಿಧಾನವಾದೀತು, ಕೆಟ್ಟೀತು, ನಮಗಿಂತ ಕೀಳಾದೀತು. ಆದರೂ ಅದು ಅವರದಾಗಿರಲಿ. ನಮ್ಮ ಪಾಲಿಗೆ ಉಳಿದಿರುವುದು ದೀಪ ಹಿಡಿಯುವ ದಾಸೋಹ. ಅದು ಕಿರಿದಾದ ಕೆಲಸವೆಂದು ಯಾರೂ ತಿಳಿಯದಿರಲಿ. ಕೈ ಚಾಚದೆ ಹತ್ತಿರ ಕುಳಿತಿರುವುದು ಎಷ್ಟು ಕಠಿಣವಾದ ಕಾಯಕವೆಂಬುದನ್ನು ಆ ಮೂರು ಭಾನುವಾರಗಳಲ್ಲಿ ನಾನು ಕಲಿತೆನು. ಅದನ್ನು ನನಗೆ ಕಲಿಸಿದವನು ನನ್ನ ಮಗ.